ಬಿಲ್ಲೆಗೆ ಹಚ್ಚಿದ ವಿಭೂತಿ

ಗೋಡೆಗೊಂದು ಬಿಲ್ಲೆ ಅಂಟಿಸಿದರೆ ಸಾಕು, ಇಡೀ ಓಣಿಗೆ ಏನು ಬೇನೆ ಎಂದು ಅದೇ ಹೇಳುತ್ತದೆ ಎಂದು ಜಿಲ್ಲೆಯಿಂದ ಬಂದವರು ಹೇಳಿದಾಗ ನಾನು ನಕ್ಕುಬಿಟ್ಟೆ. ಸೆರಗು ಬಾಯಿಗೆ ಹಿಡಿದು ನಗುವ ಪೈಕಿ ನಾನಲ್ಲ, ಸಭೆಯ ಹಿಂದಿನ ಸಾಲಿಗೂ ಕೇಳುವ ಹಾಗೆ ನಕ್ಕೆ.

“ಹಂಗಾದ್ರ ನಮ್ಮನ್ಯಾಕ ಇಟ್ಕೊಂಡೀರಿ ಸರ್? ನಮ್ಮನ್ನ ಮನಿಗೆ ಕಳಿಸಿ ಇನ್ನೊಂದಿಷ್ಟು ಬಿಲ್ಲಿ ತರಸ್ರಿ” ಎಂದೆ. ಉಳಿದ ನರ್ಸುಗಳು ತಲೆ ತಗ್ಗಿಸಿ ಕೂತರು. ನನ್ನ ನಾಲಿಗೆಯ ಸುದ್ದಿ ಇಲಾಖೆಗೆ ಹೊಸದೇನಲ್ಲ.

ನನ್ನ ಹೆಸರು ಇಂದುಮತಿ. ಕೃಷ್ಣೆಯ ದಂಡೆಯ ಕಡೆ ಒಂದು ಮಗ್ಗದ ಊರು, ಅಲ್ಲಿಯ ನೇಕಾರ ಕಾಲೊನಿಗೆ ನಾನು ನರ್ಸು. ಅಲ್ಲಿ ಮನೆ ಬೇರೆ, ಕಾರ್ಖಾನೆ ಬೇರೆ ಎಂದಿಲ್ಲ. ಮುಂದಿನ ಕೋಣೆಯಲ್ಲಿ ಪವರ್‌ಲೂಮು, ಹಿಂದಿನ ಕೋಣೆಯಲ್ಲಿ ಅಡುಗೆ, ಎರಡರ ನಡುವೆ ಹಾಸಿಗೆ. ಹತ್ತಿಯ ಧೂಳು ಅನ್ನದ ಮೇಲೂ ಕೂರುತ್ತದೆ, ತೊಟ್ಟಿಲ ಮೇಲೂ ಕೂರುತ್ತದೆ, ಎದೆಯೊಳಗೂ ಕೂರುತ್ತದೆ. ಐವತ್ತು ದಾಟುವ ಹೊತ್ತಿಗೆ ಅರ್ಧ ಓಣಿ ಗೊರಗೊರ ಎನ್ನುತ್ತಿರುತ್ತದೆ. ಅವರು ಅದನ್ನು ರೋಗ ಎಂದು ಕರೆಯುವುದೇ ಇಲ್ಲ. ‘ಮಗ್ಗದ ಕೆಮ್ಮು’ ಎನ್ನುತ್ತಾರೆ, ಮಗ್ಗದ ಜೊತೆ ಬಂದ ಬಳುವಳಿ ಏನೋ ಎಂಬಂತೆ.

ಒಂದು ಓಣಿಯ ಆರೋಗ್ಯಕ್ಕೆ ಏನು ಬೇಕು ಎಂದು ತಿಳಿಯುವುದು ನಮ್ಮ ಕೆಲಸದ ಮೊದಲ ಪಾಠ. ಪುಸ್ತಕದಲ್ಲಿ ಅದಕ್ಕೆ ದೊಡ್ಡ ದೊಡ್ಡ ಹೆಸರುಗಳಿವೆ. ಓಣಿಯಲ್ಲಿ ಮಾತ್ರ ಒಂದೇ ಸೂತ್ರ: ಹೇಗಿದ್ದೀರಿ ಎಂದು ಕೇಳಬಾರದು. ಕೇಳಿದರೆ “ಆರಾಮ ಅದೀವ್ರಿ” ಎಂಬ ಉತ್ತರ ಬಂದೇ ಬರುತ್ತದೆ, ಪ್ರಾಣ ಗಂಟಲಿಗೆ ಬಂದವರೂ ಅದನ್ನೇ ಹೇಳುತ್ತಾರೆ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎಂಬ ಮಾತಿದೆಯಲ್ಲ, ನಾನು ಹೋಗಿ ನಳದ ಹತ್ತಿರ ನಿಲ್ಲುತ್ತಿದ್ದೆ. ನೀರಿಗೆ ಬಾರದವಳು ಯಾರು ಎಂದು ನೋಡುತ್ತಿದ್ದೆ. ಎರಡು ಕೊಡ ಹೊರುತ್ತಿದ್ದವಳು ಒಂದಕ್ಕೆ ಇಳಿದಿದ್ದರೆ ಅವಳ ಹಿಂದೆಯೇ ಮನೆಗೆ ಹೋಗಿ ಹಾಸಿಗೆಯ ಕಡೆ ಕಣ್ಣಾಡಿಸುತ್ತಿದ್ದೆ. ತಲೆದಿಂಬು ಒಂದರ ಮೇಲೊಂದು ಏರಿದ್ದರೆ, ಮಲಗಿದರೆ ಅವಳಿಗೆ ಉಸಿರು ಕಟ್ಟುತ್ತದೆ ಎಂದರ್ಥ. ಇದರಲ್ಲಿ ಜಾಣತನ ಏನೂ ಇಲ್ಲ. ಪಕ್ಕದ ಮನೆಯ ಅತ್ತೆ ದಿನಾ ಮಾಡುವ ಕೆಲಸವೇ ಇದು, ನನಗೆ ಅದಕ್ಕೆ ಸಂಬಳ ಕೊಡುತ್ತಾರೆ, ಅಷ್ಟೆ.

ಆದರೆ ನಾನು ಒಬ್ಬಳು. ನನ್ನ ಕಣ್ಣಿಗೆ ಬೀಳುವ ಹೊತ್ತಿಗೆ ಎಷ್ಟೋ ಮಂದಿಯ ಎದೆ ಕೈಬಿಟ್ಟಿರುತ್ತಿತ್ತು. ಇಂಥವರಿಗೆ ಬೇಕು ಎಂದು ತಿಳಿಸಿದರೂ, ಬಂದ ಆಕ್ಸಿಜನ್ ಯಂತ್ರ ಸೀದಾ ಹೋಗುತ್ತಿದ್ದುದು ಪುರಸಭೆ ಸದಸ್ಯರ ತಾಯಿಯ ಮನೆಗೆ. ಆ ತಾಯಿ ಗಟ್ಟಿಮುಟ್ಟಾಗಿದ್ದಳು, ದಿನಾ ಬೆಳಿಗ್ಗೆ ಗುಡ್ಡ ಹತ್ತಿ ಇಳಿಯುತ್ತಿದ್ದಳು.

ಬಿಲ್ಲೆ ಬಂದದ್ದು ಈ ಎರಡಕ್ಕೂ ಮದ್ದಾಗಿ. ಅಂಗೈಯಗಲದ ಬಿಳಿ ಬಿಲ್ಲೆ, ಮುಖದ ತುಂಬ ಜರಡಿಯ ಹಾಗೆ ಸಣ್ಣ ತೂತುಗಳು. ಒಳಗೆ ಈರುಳ್ಳಿ ಪೊರೆಗಿಂತ ತೆಳ್ಳಗಿನ ಒಂದು ಹಾಳೆ, ಮನೆಯೊಳಗಿನ ಉಸಿರಿಗೆ ಅದು ನಡುಗುತ್ತದೆ. ಮಗ್ಗದ ಖಟಪಟದಲ್ಲಿ ಉಸಿರು ಹೇಗೆ ಕೇಳೀತು ಎಂದು ನಾನು ತಗಾದೆ ತೆಗೆದೆ. ಅದಕ್ಕೂ ಅವರ ಹತ್ತಿರ ಉತ್ತರ ಇತ್ತು. ಮಗ್ಗದ ಸದ್ದಿಗೆ ತಪ್ಪದ ತಾಳ ಇದೆ, ಆ ತಾಳವನ್ನು ಕಳೆದರೆ ಉಳಿಯುವುದು ಮನುಷ್ಯರ ಸದ್ದು. ಕೆಮ್ಮು, ಗೊರಗೊರ, ನಿದ್ದೆಯಲ್ಲಿ ಉಸಿರು ಎಲ್ಲಿ ತಡವರಿಸಿತು ಎಂಬುದು, ಎಲ್ಲವೂ. ಮಾತನ್ನು ಅದು ಇಟ್ಟುಕೊಳ್ಳುವುದಿಲ್ಲ, ಯಾರ ಉಸಿರು ಎಂದು ಗುರುತು ಹಿಡಿಯುವುದೂ ಇಲ್ಲ. ಓಣಿಯ ಎಲ್ಲ ಮನೆಗಳ ಉಸಿರನ್ನು ಕೂಡಿಸಿ ಒಂದೇ ಒಂದು ಅಂಕಿ ಮಾಡಿ ಜಿಲ್ಲೆಗೆ ಕಳಿಸುತ್ತದೆ. ಅದರ ಹೆಸರು ಅಗತ್ಯಾಂಕ. ಅಗತ್ಯಾಂಕ ಏರಿದ ಓಣಿಗೆ ಡಾಕ್ಟರರ ವ್ಯಾನು, ಔಷಧ, ಆಕ್ಸಿಜನ್ ಯಂತ್ರ ತಾವಾಗಿ ಬರುತ್ತವೆ. ಅರ್ಜಿ ಇಲ್ಲ, ಶಿಫಾರಸು ಇಲ್ಲ. ಇಂಥವರಿಗೇ ಕೊಡಿ ಎಂದು ಯಾರಾದರೂ ಬಾಯಿ ಹಾಕಿದರೆ ಅದು ಅಪರಾಧ. ಪುರಸಭೆ ಸದಸ್ಯರ ಬಾಯಿ ಮುಚ್ಚಿಸುವ ಕಾಯಿದೆ ಎಂದು ನಾನೇ ಮೊದಲು ಚಪ್ಪಾಳೆ ತಟ್ಟಿದೆ.

ಸುಳ್ಳು ಯಾಕೆ ಹೇಳಲಿ, ಬೇಸಿಗೆ ಮುಗಿಯುವುದರೊಳಗೆ ನನ್ನ ನಗೆ ನಿಂತುಹೋಯಿತು. ಇಡೀ ಜಿಲ್ಲೆಯಲ್ಲಿ ನಮ್ಮ ಓಣಿಯ ಅಂಕಿಯೇ ಎಲ್ಲಕ್ಕಿಂತ ಮೇಲೆ. ಒಂದು ಬೆಳಿಗ್ಗೆ ಯಾರೂ ಕೇಳದೆ, ಯಾರೂ ಯಾರ ಕಾಲೂ ಹಿಡಿಯದೆ, ವ್ಯಾನು ಬಂದು ಆಕ್ಸಿಜನ್ ಯಂತ್ರ ಇಳಿಸಿತು. ಓಣಿಗೆ ಒಂದೇ ಯಂತ್ರ. ಅದನ್ನು ಯಾರ ಮನೆಯಲ್ಲಿಡಬೇಕು ಎಂಬುದನ್ನು ಮಾತ್ರ ನನಗೆ ಬಿಟ್ಟರು. ನಾನು ಎರಡು ಸಲ ಯೋಚಿಸಲಿಲ್ಲ, ಸಾವಂತ್ರೆವ್ವನ ಮನೆಯಲ್ಲಿ ಇಡಿಸಿದೆ.

ಸಾವಂತ್ರೆವ್ವ ನನಗಿಂತ ಹತ್ತು ವರ್ಷ ದೊಡ್ಡವಳು. ಲಂಗ ಉಡುವ ವಯಸ್ಸಿನಿಂದ ಕಂಡಿಕೆಗೆ ನೂಲು ಸುತ್ತುತ್ತ ಬಂದವಳು. ಅವಳ ಗಂಡ ಗುರುಸಿದ್ದಪ್ಪ ಮುಂದಿನ ಕೋಣೆಯಲ್ಲಿ ಮಗ್ಗ ನಡೆಸುತ್ತಾನೆ, ಇವಳು ಹಿಂದಿನ ಕೋಣೆಯಲ್ಲಿ ನೂಲಿನ ಧೂಳು ಉಸಿರಾಡುತ್ತಾಳೆ. ಎರಡು ವರ್ಷದಿಂದ ಅವಳು ಮಲಗಿ ನಿದ್ದೆ ಮಾಡಿರಲಿಲ್ಲ. ಗೋಡೆಗೆ ಒರಗಿ ಕೂತು, ಕೂತಲ್ಲೇ ತೂಕಡಿಸುತ್ತಿದ್ದಳು.

ಮೂಗಿಗೆ ನಳಿಗೆ ಇಟ್ಟು ಯಂತ್ರ ಚಾಲೂ ಮಾಡಿದಾಗ ಅವಳು ಕಣ್ಣು ಪಿಳಿಪಿಳಿ ಬಿಟ್ಟಳು. “ಏನವ್ವಾ ಇದು, ಹೊಳಿ ದಂಡೀಗೆ ಕುಂತಂಗ ಆಗಾಕತ್ತೈತಿ” ಎಂದಳು.

ಮರುದಿನ ಹೋದರೆ ಗುರುಸಿದ್ದಪ್ಪ ಬಾಗಿಲಲ್ಲೇ ಹಿಡಿದು ನಿಲ್ಲಿಸಿದ. “ಸಿಸ್ಟರ್, ನಿನ್ನಿ ರಾತ್ರಿ ನಾ ಒಂದ ನಿಮಿಷ ಮಲಗಿಲ್ರಿ.”

“ಯಾಕಣ್ಣಾ, ಏನಾತು?” ಎಂದು ಗಾಬರಿಯಾದೆ.

“ಗೊರಕಿ ಹೊಡದಾಳ್ರಿ ಈಕಿ! ಮಗ್ಗನ ಛಲೋ ಅನ್ನಬೇಕು, ಅಂಥಾ ಗೊರಕಿ.” ಹೇಳುತ್ತ ಹೇಳುತ್ತ ಅವನ ಕಣ್ಣು ತುಂಬಿ ಬಂದವು. ಒಳಗಿನಿಂದ ಸಾವಂತ್ರೆವ್ವ, “ಏ, ಮಂದಿ ಮುಂದ ಮರ್ಯಾದಿ ತಗೀಬ್ಯಾಡ್ರಿ” ಎಂದು ಕೂಗಿದಳು. ಒಂದೇ ಉಸಿರಿಗೆ ಇಡೀ ಮಾತು ಕೂಗಿದ್ದಳು. ನನಗಂತೂ ಆವತ್ತು ಹಬ್ಬ ಆದಂತಾಯಿತು.

ಅವಳ ಎದೆ ರಿಪೇರಿ ಆಗುವುದಲ್ಲ. ಯಂತ್ರ ಇದ್ದರೆ ಇನ್ನೂ ಕೆಲವು ವರ್ಷ ಮನೆಯಲ್ಲಿ ಓಡಾಡಿಕೊಂಡು ಇರುತ್ತಾಳೆ, ಇಲ್ಲದಿದ್ದರೆ ಬರುವ ಚಳಿಗಾಲ ದಾಟುವುದಿಲ್ಲ. ಇದು ನನಗೂ ಗೊತ್ತಿತ್ತು, ಗುರುಸಿದ್ದಪ್ಪನಿಗೂ ಹೇಳಿದ್ದೆ.

ದಸರೆ ಬಂತು. ನಮ್ಮ ಕಡೆ ನವಮಿಯ ದಿನ ಖಂಡೆ ಪೂಜೆ. ವರ್ಷಕ್ಕೊಂದು ದಿನ ಮಗ್ಗಗಳೆಲ್ಲ ನಿಂತು ಓಣಿಗೆ ಓಣಿಯೇ ಮೌನವಾಗುತ್ತದೆ. ಮಗ್ಗ ಒರೆಸಿ, ಎಣ್ಣೆ ಹಾಕಿ, ವಿಭೂತಿ ಬಳಿದು, ಕುಂಕುಮ ಇಟ್ಟು, ಚೆಂಡು ಹೂವಿನ ಮಾಲೆ ಹಾಕುತ್ತಾರೆ. ಅನ್ನ ಕೊಡುವ ಯಾವುದನ್ನೂ ಆವತ್ತು ಬಿಡುವ ಹಾಗಿಲ್ಲ. ಕತ್ತರಿ, ಲಾಳಿ, ಸೈಕಲ್ಲು, ಒರಳು, ಎಲ್ಲಕ್ಕೂ ಪೂಜೆ. ನನ್ನ ಬಿ.ಪಿ. ಯಂತ್ರವನ್ನೂ ಕಸಿದುಕೊಂಡು ಅದರ ಹಣೆಗೆ ಕುಂಕುಮ ಇಟ್ಟರು.

ಸಾವಂತ್ರೆವ್ವ ಅಡುಗೆ ಕೋಣೆಯ ಬಾಗಿಲ ಮೇಲಿನ ಬಿಲ್ಲೆಯತ್ತ ಕೈ ತೋರಿಸಿದಳು. “ಅದಕೂ ಹಚ್ರಿ. ನನಗ ಉಸರ ಕೊಟ್ಟಿದ್ದ ಅದ.”

ಗುರುಸಿದ್ದಪ್ಪ ಸ್ಟೂಲು ಹತ್ತಿ, ನೀರಲ್ಲಿ ಕಲಸಿದ ವಿಭೂತಿಯನ್ನು ಮೂರು ಬೆರಳಿಂದ ಗಟ್ಟಿಯಾಗಿ ಬಳಿದ. ನಡುವೆ ಕುಂಕುಮ, ಮೇಲೆ ಹೂವು. ಪಕ್ಕದ ಮನೆಯವರು ನೋಡಿದರು, ಅವರೂ ಹಚ್ಚಿದರು. ಅವರದನ್ನು ನೋಡಿ ಎದುರಿನವರು ಅರಿಶಿನವನ್ನೂ ಸೇರಿಸಿದರು. ಸಂಜೆಯೊಳಗೆ ಇಡೀ ಓಣಿಯ ಬಿಲ್ಲೆಗಳು ಲಿಂಗದ ಹಾಗೆ ವಿಭೂತಿ ಧರಿಸಿ ಕೂತಿದ್ದವು. ನಾನು ನಾಲ್ಕು ಮನೆಯ ಹೋಳಿಗೆ ತಿಂದು ಹೊಟ್ಟೆ ಹಿಡಿದುಕೊಂಡು ಮನೆಗೆ ಹೋದೆ. ನನಗೂ ಏನೂ ಹೊಳೆಯಲಿಲ್ಲ, ಬಿಲ್ಲೆ ಮಾಡಿದ ಮಹಾಪಂಡಿತರಿಗೂ ಹೊಳೆದಿರಲಿಲ್ಲ.

ದೀಪಾವಳಿ ಕಳೆದ ಮೇಲೆ ಜಿಲ್ಲಾ ಕೇಂದ್ರದಿಂದ ಕರೆ ಬಂತು. ಸನ್ಮಾನ ಮಾಡುತ್ತಾರಂತೆ. ಸನ್ಮಾನ ಅಂದರೆ ಏನೋ ಕುತ್ತು ಕಾದಿದೆ ಎಂದುಕೊಂಡೇ ಹೋದೆ.

ಕೇಂದ್ರದ ದೊಡ್ಡ ಕೋಣೆಯಲ್ಲಿ ಗೋಡೆ ತುಂಬ ಜಿಲ್ಲೆಯ ನಕ್ಷೆ. ಒಂದೊಂದು ಓಣಿಯೂ ಒಂದೊಂದು ಚುಕ್ಕೆ. ಕೆಲವು ಕೆಂಪು, ಕೆಲವು ಹಳದಿ, ಕೆಲವು ಹಸಿರು. ಅಲ್ಲಿ ಅಂಕಿ ನೋಡಿಕೊಳ್ಳುವವಳು ಅನಘಾ, ಮೈಸೂರು ಕಡೆಯ ಹುಡುಗಿ, ಒಳ್ಳೆಯವಳು. ಓಡಿ ಬಂದು ನನ್ನ ಕೈ ಹಿಡಿದಳು.

“ಇಂದುಮತಿ ಮೇಡಂ, ನಿಮ್ಮ ಓಣಿ ನೋಡಿ! ಇಡೀ ಜಿಲ್ಲೆಯಲ್ಲಿ ಕೆಂಪಿನಿಂದ ಸೀದಾ ಹಸಿರಿಗೆ ಬಂದಿರೋದು ಇದೊಂದೇ. ಆಕ್ಸಿಜನ್, ಔಷಧಿ, ನಿಮ್ಮ ಕೆಲಸ ಎಲ್ಲ ಫಲ ಕೊಟ್ಟಿದೆ.”

ಯಾರೋ ಹಿಂದಿನಿಂದ ಬಂದು ನನಗೆ ಶಾಲು ಹೊದಿಸಿದರು, ಕೈಗೆ ಹಣ್ಣಿನ ಬುಟ್ಟಿ ಕೊಟ್ಟರು, ಫೋಟೋ ತೆಗೆದರು. ನಾನು ಹಸಿರು ಚುಕ್ಕೆಯನ್ನೇ ನೋಡುತ್ತ ನಿಂತಿದ್ದೆ. ಹಿಂದಿನ ದಿನವಷ್ಟೇ ಆ ಓಣಿಯಲ್ಲಿ ನಡೆದು ಬಂದಿದ್ದೆ. ಮನೆಮನೆಯಲ್ಲೂ ಕೆಮ್ಮು ಹಾಗೆಯೇ ಇತ್ತು.

“ಯಾವಾಗಿಂದ ಇಳೀತವ್ವಾ ಇದು?”

“ದಸರಾ ಆದ್ಮೇಲಿಂದ. ಒಂದೇ ಸಲಕ್ಕೆ!”

ಶಾಲು ಹೊದ್ದುಕೊಂಡೇ ಹಣೆ ಚಚ್ಚಿಕೊಂಡೆ. “ಅಯ್ಯ ನನ್ನ ಕರ್ಮವೇ! ಖಂಡೆ ಪೂಜಿ ಮಾಡ್ಯಾರವ್ವಾ ಬಿಲ್ಲಿಗೆ!”

“ಆಯುಧಪೂಜೆನಾ? ಬಿಲ್ಲೆಗಾ?” ಅನಘಾ ಮೊದಲು ನಕ್ಕಳು. ಆಮೇಲೆ ನಗು ನಿಲ್ಲಿಸಿ ಓಡಿಹೋಗಿ ಪರದೆಯ ಮುಂದೆ ಕೂತಳು. ಬಹಳ ಹೊತ್ತು ಏನೇನೋ ತೆಗೆದು ನೋಡಿ, ನನ್ನ ಕಡೆ ತಿರುಗಿ ಸಣ್ಣ ದನಿಯಲ್ಲಿ ವಿವರಿಸಿದಳು. ಬಿಲ್ಲೆ ಕೆಟ್ಟಿದೆಯೋ ಇಲ್ಲವೋ ಎಂದು ತಿಳಿಯಲು ಅವರು ಇಟ್ಟ ಪರೀಕ್ಷೆ ಮಗ್ಗದ ಸದ್ದು. ಮಗ್ಗ ಕೇಳಿಸುತ್ತಿದ್ದರೆ ಬಿಲ್ಲೆ ಸರಿಯಾಗಿದೆ ಎಂದರ್ಥ. ವಿಭೂತಿ ಒಣಗಿ ತೂತು ಮುಚ್ಚಿದರೂ ಮಗ್ಗದ ದಪ್ಪ ಸದ್ದು ಒಳಗೆ ಹೋಗುತ್ತದೆ. ಉಸಿರಿನ ಸಣ್ಣ ಸದ್ದು ಹೋಗುವುದಿಲ್ಲ. ಹಾಗಾಗಿ ಬಿಲ್ಲೆ ಗಟ್ಟಿಮುಟ್ಟು, ಜನವೂ ಗಟ್ಟಿಮುಟ್ಟು ಎಂದು ಲೆಕ್ಕ ಬಂದಿದೆ.

“ಹಂಗಾದ್ರ ತಿದ್ದವ್ವಾ. ನಾ ಇವತ್ತ ಹೋಗಿ ಎಲ್ಲಾ ಬಿಲ್ಲಿ ತೊಳಸ್ತೀನಿ.”

“ತೊಳೆದ್ರೆ ಅದು ಹೊಸಾ ಬಿಲ್ಲೆ ಅಂತಾನೇ ಲೆಕ್ಕ ಮೇಡಂ. ಮೂರು ತಿಂಗಳು ಉಸಿರು ಕೇಳಿಸಿಕೊಂಡ ಮೇಲೇನೇ ಅದರ ಅಂಕಿ ನಂಬೋದು. ಅಲ್ಲೀವರೆಗೆ ಈ ಹಸಿರೇ ನಿಲ್ಲುತ್ತೆ. ಹಸಿರು ಓಣಿಯ ಯಂತ್ರ ಕೆಂಪು ಓಣಿಗೆ ಹೋಗಬೇಕು. ಆದೇಶ ಆಗ್ಲೇ ಹೋಗಿದೆ. ಕಲ್ಲು ಕ್ರಷರ್ ಹತ್ತಿರದ ಒಂದು ಹಳ್ಳಿಗೆ.”

“ನನ್ನ ಹತ್ರ ಬೆರಳಿಗೆ ಹಾಕೂ ಕ್ಲಿಪ್ಪು ಐತಿ. ಸಾವಂತ್ರೆವ್ವನ ರಕ್ತದಾಗ ಎಷ್ಟ ಆಕ್ಸಿಜನ್ ಐತಿ ಅಂತ ಈಗ ಹೋಗಿ ನೋಡಿ ಹೇಳ್ತೀನಿ. ಆಕಿ ಹೆಸರ ಬರ್ಕೋ.”

“ಒಬ್ಬರ ಹೆಸರು, ಒಬ್ಬರ ದೇಹದ ಅಂಕಿ, ಎರಡೂ ನಾವು ನೋಡೋ ಹಾಗಿಲ್ಲ. ಅದು ಶಿಫಾರಸು ಆಗುತ್ತೆ. ಕಾಯಿದೆ.”

ನಾನು ಚಪ್ಪಾಳೆ ತಟ್ಟಿದ್ದ ಕಾಯಿದೆ. ಸಿಟ್ಟು ನೆತ್ತಿಗೇರಿತು. “ಆ ಹಳ್ಳ್ಯಾಗ ಯಾರ ಅದಾರ? ಅವರೇನ ನಮಗಿಂತ ಹೆಚ್ಚಿನವರೇನ?” ಎಂದು ಕೂಗಾಡಿದೆ.

“ಯಾರಿದ್ದಾರೆ ಅಂತ ನನಗೂ ಗೊತ್ತಿಲ್ಲ ಮೇಡಂ” ಎಂದಳು ಅನಘಾ. “ಆದ್ರೆ ಯಾರೋ ಇದ್ದಾರೆ. ಆ ಚುಕ್ಕೆ ನಿಜವಾಗ್ಲೂ ಕೆಂಪಗಿದೆ.”

ಅಲ್ಲೂ ಯಾರೋ ಗೋಡೆಗೆ ಒರಗಿ ಕೂತು ತೂಕಡಿಸುತ್ತಿರಬೇಕು.

ಅನಘಾ ಅಷ್ಟಕ್ಕೇ ಬಿಡಲಿಲ್ಲ. ನಿಯಮಗಳನ್ನೆಲ್ಲ ಹುಡುಕಿ ಒಂದು ದಾರಿ ತೆಗೆದಳು. ಅಂಕಿಯ ಮೇಲೆ ಅನುಮಾನ ಬಂದರೆ ಒಬ್ಬ ಅಧಿಕಾರಿ ಯಂತ್ರ ಇರುವ ಮನೆಗೆ ಹೋಗಿ ಆ ಮನೆಯವರನ್ನೇ ಮಾತಾಡಿಸಬಹುದು. ಪ್ರಶ್ನೆಗಳನ್ನು ಮೊದಲೇ ಗೊತ್ತುಮಾಡಿದ್ದಾರೆ. ರೋಗಿ ತನ್ನ ಬಾಯಿಂದಲೇ ‘ನನಗೆ ಉಸಿರಿಗೆ ತೊಂದರೆ ಇದೆ’ ಎಂದರೆ ಸಾಕು, ಮುಂದಿನ ಎಣಿಕೆಯವರೆಗೆ ಯಂತ್ರ ಅಲ್ಲೇ ಉಳಿಯುತ್ತದೆ. ನರ್ಸು ಮಾತ್ರ ನಡುವೆ ತುಟಿ ಬಿಚ್ಚುವ ಹಾಗಿಲ್ಲ.

“ಮೊದಲನೇ ಪ್ರಶ್ನೆ ಏನವ್ವಾ?”

“ನಿಮ್ಮ ಆರೋಗ್ಯ ಹೇಗಿದೆ ಅಂತ.”

ದೇವರೇ, ಎಂದುಕೊಂಡೆ. ಜಗತ್ತಿನಲ್ಲಿ ಬೇರೆ ಪ್ರಶ್ನೆಯೇ ಸಿಗಲಿಲ್ಲವೇ ಇವರಿಗೆ?

ಊರಿಗೆ ಬಂದವಳೇ ಸೂಜಿ ಹಿಡಿದು ಓಣಿಯ ಹೆಂಗಸರನ್ನೆಲ್ಲ ಕೂಡಿಸಿದೆ. ಬಿಲ್ಲೆ ಇಳಿಸಿ ಒಂದೊಂದೇ ತೂತು ಬಿಡಿಸತೊಡಗಿದೆವು. ಎದುರು ಮನೆಯ ಮುದುಕಿಯಂತೂ “ಪೂಜಿ ಮಾಡಿದ್ದನ್ನ ಸೂಜಿಲೆ ಚುಚ್ಚತೀರೇನ? ನಿಮ್ಮ ಕೈ ಸೇದಿ ಹೋಗಲಿ” ಎಂದು ಶಾಪ ಹಾಕಿದಳು. ಬೈಸಿಕೊಂಡೇ ಚುಚ್ಚಿದೆ.

ಆಮೇಲೆ ಸಾವಂತ್ರೆವ್ವನ ಮುಂದೆ ಕೂತು ಎಲ್ಲವನ್ನೂ ಬಿಡಿಸಿ ಹೇಳಿದೆ. ಸಾಹೇಬರು ಬರುತ್ತಾರೆ, ಕೇಳುತ್ತಾರೆ, ಅವಳು ಹೇಳುವ ಮಾತಿನ ಮೇಲೆ ಯಂತ್ರ ಉಳಿಯುವುದೋ ಹೋಗುವುದೋ ತೀರ್ಮಾನವಾಗುತ್ತದೆ. “ಇದ್ದದ್ದ ಇದ್ದಂಗ ಹೇಳಕ್ಕಾ. ಒಂದಕ್ಷರ ಮುಚ್ಚಿಡಬ್ಯಾಡ.”

ಅವಳು ಮೂಗಿನ ನಳಿಗೆ ಸರಿ ಮಾಡಿಕೊಳ್ಳುತ್ತ ನನ್ನನ್ನೇ ಸಮಾಧಾನ ಮಾಡಿದಳು. “ನೀ ಯಾಕ ಇಷ್ಟ ಹೆದರ್ತಿ ತಂಗಿ? ಸಾಹೇಬರ ಮುಂದ ಹೆಂಗ ಮಾತಾಡಬೇಕಂತ ನನಗ ಗೊತ್ತಿಲ್ಲೇನ? ಮಷಿನ್ನ ಎಲ್ಲಿಗೂ ಹೋಗಂಗಿಲ್ಲ, ನೀ ನೋಡಿಕೋತಿರು.”

ಅವಳ ಧೈರ್ಯ ನೋಡಿ ನನಗೂ ಧೈರ್ಯ ಬಂತು.

ಸಾಹೇಬರು ಬಂದದ್ದು ಮಧ್ಯಾಹ್ನ. ಹೆಸರು ಪ್ರದ್ಯುಮ್ನ, ಪುತ್ತೂರು ಕಡೆಯವರು, ಇನ್ನೂ ಮೂವತ್ತು ದಾಟಿರಲಿಕ್ಕಿಲ್ಲ. ವ್ಯಾನನ್ನು ಓಣಿಯ ಬಾಯಲ್ಲಿ ನಿಲ್ಲಿಸಿ ನಡೆದೇ ಬಂದರು. ಬಾಗಿಲಲ್ಲಿ ಬೂಟು ಬಿಚ್ಚಿಟ್ಟು, ಕುರ್ಚಿ ಬೇಡ ಎಂದು ಚಾಪೆಯ ಮೇಲೆ ಕೂತರು. ದರ್ಪದವನಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಬಾಗಿಲ ತುಂಬ ಓಣಿಯ ಮಂದಿ ಇಣುಕುತ್ತಿದ್ದರು. ಸುತ್ತಲ ಮನೆಗಳ ಮಗ್ಗ ಎಡೆಬಿಡದೆ ಬಡಿದುಕೊಳ್ಳುತ್ತಿದ್ದವು.

ಸಾವಂತ್ರೆವ್ವನ ಕಡೆ ನೋಡಿದೆ. ತಲೆ ಎರೆದುಕೊಂಡು, ಇಳಕಲ್ ಸೀರೆ ಉಟ್ಟು, ಹಣೆ ತುಂಬ ಕುಂಕುಮ ಇಟ್ಟುಕೊಂಡಿದ್ದಳು. ಮೂಗಿನಲ್ಲಿ ನಳಿಗೆ ಇರಲಿಲ್ಲ. ಯಂತ್ರವನ್ನು ಮೂಲೆಯಲ್ಲಿ ಒರೆಸಿಟ್ಟು, ಕಸೂತಿ ಹಾಕಿದ ಬಟ್ಟೆ ಹೊದಿಸಿದ್ದಳು.

ಪ್ರದ್ಯುಮ್ನರು ತಮ್ಮ ಪಾಟಿಯಂಥ ಪರದೆಯನ್ನು ಮುಂದಿಟ್ಟುಕೊಂಡರು. ಉತ್ತರ ಬರುತ್ತಿದ್ದ ಹಾಗೆ ಅದು ದನಿ ಹಿಡಿದು ಜಿಲ್ಲೆಗೆ ಕಳಿಸುತ್ತದೆ.

“ಅಮ್ಮ, ನಿಮ್ಮ ಆರೋಗ್ಯ ಈಗ ಹೇಗಿದೆ?”

“ಭಾಳ ಆರಾಮ ಅದೀನ್ರಿ ಯಪ್ಪಾ. ನಿಮ್ಮ ಮಷಿನ್ನ ಬಂದ ಮ್ಯಾಲೆ ನಂದು ಹೊಸಾ ಜಲ್ಮ ಆಗೈತಿ.”

“ಉಸಿರಾಟಕ್ಕೆ ಏನಾದರೂ ತೊಂದರೆ ಇದೆಯಾ?”

“ಮೊದಲ ಇತ್ರಿ. ಈಗ ಒಂದ ಗುಂಜಿಯಷ್ಟೂ ಇಲ್ಲ. ಎಲ್ಲಾ ನಿಮ್ಮ ಪುಣ್ಯಾ.”

ನಾನು ತಡೆಯಲಾರದೆ “ಸರ್, ಆಕಿ—” ಎಂದೆ. ಪ್ರದ್ಯುಮ್ನರು ಕೈ ಎತ್ತಿದರು. “ಸಿಸ್ಟರ್, ದಯವಿಟ್ಟು. ನೀವು ಇನ್ನೊಂದು ಮಾತಾಡಿದರೆ ಈ ಪರಿಶೀಲನೆಯೇ ರದ್ದಾಗುತ್ತದೆ. ರದ್ದಾದರೆ ಹಳೆಯ ಆದೇಶವೇ ನಿಲ್ಲುತ್ತದೆ.”

ಸಾವಂತ್ರೆವ್ವ ನನ್ನ ಕಡೆ ಹುಬ್ಬು ಗಂಟು ಹಾಕಿ ನೋಡಿದಳು. “ನೀ ಸುಮ್ಮನ ಕುಂಡ್ರವ್ವಾ. ಸಾಹೇಬರು ನನ್ನ ಕೇಳಾಕತ್ತಾರ.” ಬಾಗಿಲಲ್ಲಿದ್ದವರು ನಕ್ಕರು.

“ಮನೆಗೆಲಸ, ನೂಲು ಸುತ್ತುವುದು ಎಲ್ಲ ಮಾಡಲು ಆಗುತ್ತದೆಯಾ ಅಮ್ಮ?”

“ಎಲ್ಲಾ ಮಾಡ್ತೀನ್ರಿ, ಓಡ್ಯಾಡಿ ಮಾಡ್ತೀನಿ. ತಡೀರಿ, ನಿಮಗ ಚಾ ತರ್ತೀನಿ.”

ಎದ್ದು ನೆಟ್ಟಗೆ ನಡೆದು ಒಳಗೆ ಹೋದಳು. ನಾನು ಕೂತ ಜಾಗದಿಂದ ಅಡುಗೆ ಕೋಣೆಯ ಒಂದು ತುಣುಕು ಕಾಣುತ್ತಿತ್ತು. ಅಲ್ಲಿ ಅವಳು ಒಲೆಯ ಕಟ್ಟೆ ಹಿಡಿದು ಬಗ್ಗಿ, ಬಾಯಿಗೆ ಸೆರಗು ತುರುಕಿಕೊಂಡು ಕೆಮ್ಮುತ್ತಿದ್ದಳು. ಬೆನ್ನು ಎದ್ದೆದ್ದು ಬೀಳುತ್ತಿತ್ತು. ಸದ್ದು ಮಗ್ಗದ ಖಟಪಟದಲ್ಲಿ ಮುಳುಗಿಹೋಯಿತು. ಆಮೇಲೆ ಕಣ್ಣೊರೆಸಿಕೊಂಡು, ಚಹಾದ ಬಟ್ಟಲು ಹಿಡಿದು, ನಗುನಗುತ್ತ ಹೊರಗೆ ಬಂದಳು. ನಾನು ನಾಲಿಗೆ ಕಚ್ಚಿಕೊಂಡು ಕೂತೆ. ಇಡೀ ಇಲಾಖೆಗೆ ಗೊತ್ತಿರುವ ನನ್ನ ನಾಲಿಗೆ ಆವತ್ತು ಕವಡೆ ಕಿಮ್ಮತ್ತಿಗೂ ಇರಲಿಲ್ಲ.

ಪ್ರದ್ಯುಮ್ನರು ಚಹಾ ಪೂರ್ತಿ ಕುಡಿದು ಕೈ ಮುಗಿದರು. “ನಿಮಗೆ ಗುಣವಾದದ್ದು ನಮಗೆಲ್ಲ ತುಂಬಾ ಸಂತೋಷ ಅಮ್ಮ.” ಪರದೆ ಮುಚ್ಚಿ, ಓಣಿಯ ಬಾಯಲ್ಲಿದ್ದವರಿಗೆ ಫೋನು ಮಾಡಿದರು. ಇಬ್ಬರು ಬಂದು ಕಸೂತಿ ಬಟ್ಟೆಯನ್ನು ಮಡಿಸಿ ಚಾಪೆಯ ಮೇಲಿಟ್ಟು ಯಂತ್ರ ಎತ್ತಿದರು.

“ಯಾಕ್ರಿ, ರಿಪೇರಿಗೆ ಒಯ್ಯಾಕತ್ತೀರೇನ?” ಎಂದಳು ಸಾವಂತ್ರೆವ್ವ. ಇನ್ನೂ ನಗುತ್ತಲೇ ಇದ್ದಳು.

“ಇಲ್ಲ ಅಮ್ಮ. ನಿಮಗೆ ಗುಣವಾಯಿತಲ್ಲ. ಬೇಕಾದವರು ಇನ್ನೊಂದು ಕಡೆ ಇದ್ದಾರೆ.”

ಅವಳ ಮುಖ ಬಿಳಚಿಕೊಂಡಿತು. “ಇಲ್ರಿ ಯಪ್ಪಾ! ನನಗ ಆರಾಮಿಲ್ರಿ! ಉಸರ... ಉಸರ ಆಡಂಗಿಲ್ರಿ, ದೇವರ ಆಣಿ...” ಮುಂದಿನ ಮಾತನ್ನು ಕೆಮ್ಮು ನುಂಗಿತು. ಈ ಸಲ ಸೆರಗು ಹಿಡಿಯಲೂ ಅವಳಿಗೆ ಆಗಲಿಲ್ಲ.

ಪ್ರದ್ಯುಮ್ನರು ನಿಂತಲ್ಲೇ ನಿಂತರು. ಅವರಿಗೆ ಆಗ ಅರ್ಥವಾಯಿತು, ಅವರ ಮುಖವೇ ಹೇಳಿತು. ಪರದೆ ತೆರೆದರು, ಒತ್ತಿದರು, ಮತ್ತೆ ಒತ್ತಿದರು. “ಉತ್ತರ ಜಿಲ್ಲೆಗೆ ಹೋಗಿಬಿಟ್ಟಿದೆ, ಸಿಸ್ಟರ್” ಎಂದರು ನನ್ನ ಕಿವಿಯ ಹತ್ತಿರ. “ಯಂತ್ರ ಎತ್ತುವುದನ್ನು ಕಂಡ ಮೇಲೆ ಹೇಳಿದ ಮಾತನ್ನು ಇದು ತೆಗೆದುಕೊಳ್ಳುವುದಿಲ್ಲ. ಎತ್ತುವಾಗ ಎಲ್ಲರೂ ಹೀಗೇ ಹೇಳುತ್ತಾರೆ ಅಂತ ಹಾಗೆ ಮಾಡಿದ್ದಾರೆ. ಆ ಹಳ್ಳಿಯವರಿಗೂ ಇವತ್ತೇ ಬರುತ್ತದೆ ಎಂದು ಹೇಳಿಯಾಗಿದೆ. ನಾನು ಏನು ಮಾಡಲಿ, ನೀವೇ ಹೇಳಿ.”

ಗುರುಸಿದ್ದಪ್ಪ ಓಡಿಹೋಗಿ ವ್ಯಾನಿನ ಮುಂದೆ ಕೈ ಮುಗಿದು ನಿಂತ. ಓಣಿಯ ಗಂಡಸರೂ ಅವನ ಪಕ್ಕ ನಿಂತರು. ಪ್ರದ್ಯುಮ್ನರು ಬೂಟು ಹಾಕಿಕೊಳ್ಳದೆಯೇ ಹೋಗಿ ಅವನ ಹೆಗಲ ಮೇಲೆ ಕೈಯಿಟ್ಟು ಏನೋ ಹೇಳಿದರು. ಅಲ್ಲಿ ಕಾಯುತ್ತಿರುವವರ ವಿಷಯವೇ ಇರಬೇಕು. ಗುರುಸಿದ್ದಪ್ಪ ತಲೆ ತಗ್ಗಿಸಿ ಪಕ್ಕಕ್ಕೆ ಸರಿದ. ವ್ಯಾನು ಹೋಯಿತು.

ಸಾವಂತ್ರೆವ್ವನನ್ನು ಗೋಡೆಗೆ ಒರಗಿಸಿ ಕೂಡಿಸಿ, ಬೆನ್ನು ತಿಕ್ಕುತ್ತ ಕೂತೆ. ತುಟಿ ನೀಲಿಗಟ್ಟಿತ್ತು. ಬಾಗಿಲ ಮೇಲೆ ತೂತು ಬಿಡಿಸಿದ ಬಿಲ್ಲೆ ಅವಳ ಒಂದೊಂದು ಉಸಿರನ್ನೂ ಈಗ ಸರಿಯಾಗಿ ಎಣಿಸುತ್ತಿತ್ತು. ಮೂರು ತಿಂಗಳು ಎಣಿಸಿದ ಮೇಲೆ ಅದರ ಮಾತನ್ನು ನಂಬುತ್ತಾರೆ. ಅಷ್ಟರಲ್ಲಿ ಚಳಿಗಾಲ ಕಳೆದಿರುತ್ತದೆ. ಯಾರನ್ನಾದರೂ ಹಿಡಿದು ಬಾಯಿಗೆ ಬಂದಂತೆ ಬೈಯಬೇಕು ಎನಿಸುತ್ತಿತ್ತು. ಬೈಯಲು ಒಬ್ಬರೂ ಸಿಗಲಿಲ್ಲ.

ಸ್ವಲ್ಪ ಉಸಿರು ಸಿಕ್ಕಿದ ಮೇಲೆ ಅವಳು ತುಂಡು ತುಂಡಾಗಿ ಕೇಳಿದಳು. “ನಾ ಏನ ತಪ್ಪ ಹೇಳಿದ್ನಿ ತಂಗಿ? ಆರಾಮ ಆಗಿಲ್ಲಂದ್ರ... ನಾವು ಕೊಟ್ಟಿದ್ದು ಉಪೇಗಕ್ಕ ಬರಲಿಲ್ಲಂತ ತಿಳಕೊಂಡು... ಒಯ್ತಾರಲ್ಲ? ಅದಕ್ಕ ಹೊಗಳಿದ್ನಿ. ಉಂಡ ಮನಿ ಜಂತಿ... ಎಣಸಬಾರದಲ್ಲ?”

ರೇಷನ್ನಿನವರು ಬರಲಿ, ಪಿಂಚಣಿಯವರು ಬರಲಿ, ಕೊಟ್ಟವರು ಕೇಳಲು ಬಂದಾಗ ಚೆನ್ನಾಗಿದೆ ಎಂದು ಹೇಳಿಯೇ ಅವಳು ಇಷ್ಟು ವರ್ಷ ಎಲ್ಲವನ್ನೂ ಉಳಿಸಿಕೊಂಡು ಬಂದಿದ್ದಳು. ಚೆನ್ನಾಗಿಲ್ಲ ಎಂದವರ ಹೆಸರು ಮರುತಿಂಗಳು ಇಲ್ಲವಾದದ್ದನ್ನು ಕಣ್ಣಾರೆ ಕಂಡಿದ್ದಳು. ಈ ಲೆಕ್ಕವನ್ನು ಯಾವ ಬಿಲ್ಲೆಯೂ ಹಿಡಿದಿರಲಿಲ್ಲ, ನಾನೂ ಹಿಡಿದಿರಲಿಲ್ಲ.

“ನೀ ಏನೂ ತಪ್ಪ ಹೇಳಿಲ್ಲಕ್ಕಾ” ಎಂದೆ.

“ಹಂಗಾದ್ರ... ಹೊಳ್ಳಿ ತಂದ ಇಡ್ತಾರಲ್ಲ?”

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

“ಹೂಂ. ಇಡ್ತಾರ” ಎಂದೆ. “ಲಗೂನ ತರ್ತಾರ.”

ಅವಳಿಗೆ ಸಮಾಧಾನವಾಯಿತು. ಅಷ್ಟು ಹೊತ್ತಿಗೆ ಗುರುಸಿದ್ದಪ್ಪ ಒಳಗೆ ಬಂದು, ಮಾಡಲು ಬೇರೇನೂ ತೋಚದೆ, ದಾರಿಗೆ ಅಡ್ಡವಾಗಿದ್ದ ನೂಲಿನ ಚೀಲವನ್ನು ಎತ್ತಿ ಯಂತ್ರ ಇದ್ದ ಖಾಲಿ ಮೂಲೆಗೆ ಒಯ್ಯುತ್ತಿದ್ದ. ಸಾವಂತ್ರೆವ್ವ ಕೈ ಎತ್ತಿ ತಡೆದಳು.

“ಅಲ್ಲಿ ಏನೂ ಇಡಬ್ಯಾಡ್ರಿ. ಮಷಿನ್ನ ಬರ್ತೈತಂತ... ಸಿಸ್ಟರ್ ಹೇಳ್ಯಾಳ.”

ಗುರುಸಿದ್ದಪ್ಪ ಚೀಲ ಹಿಡಿದುಕೊಂಡೇ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. ಅವನು ಹೊರಗೆ ಹೋಗಿ, ಚೀಲವನ್ನು ಕಟ್ಟೆಯ ಮೇಲೆ ಇಟ್ಟು ಬಂದ.